ಧಾರವಾಡದ ಬಾಳೂ ವಿಲಾಯತಿಗೆ ಹೋದುದು

ತೊಗರಿ ಕೊಯ್ದ ಹೊಲಗಳಲ್ಲಿ ಹುಡುಗರು ಕ್ರಿಕೆಟ್ ಆಡುವುದನ್ನು ಆಳಂದ, ಅಫಜಲಪುರ, ಜೇವರ್ಗಿಗಳ ವಾಚಕರು ಕಂಡೇ ಇರುವರು. ಒಂದು ಹಲಗೆ, ಒಂದು ಚೆಂಡು ಇದ್ದರೆ ಅವರ ಆಟ ಸಾಗುವುದು. ಆದರೆ ಈ ಸೀಮೆಯು ಇನ್ನೂ ನಿಜಾಮರ ಆಳಿಕೆಯಲ್ಲಿದ್ದ 1911ನೆಯ ಇಸವಿಯಲ್ಲಿ, ಹಿಂದೂಸ್ಥಾನದ ಹೆಸರಿನಲ್ಲಿ ತಂಡವೊಂದು ಇಂಗ್ಲೆಂಡಿಗೆ ಹೋಗಬೇಕಾದರೆ ಸಂಸ್ಥಾನಿಕರೂ ಧನಿಕರೂ ಗಂಟು ಬಿಚ್ಚಬೇಕಾಗಿತ್ತು. 1886 ಮತ್ತು 1888ರಲ್ಲಿ ಪಾರಸಿಗಳು ಮಾತ್ರ ಹೋಗಿಬಂದಿದ್ದರು. ಹಿಂದೂ, ಮುಸಲ್ಮಾನ, ಪಾರಸಿ, ಸಿಖ್ಖರು ಒಂದೇ ತಂಡವಾಗಿ ಹೊರಟುದು ಇದೇ ಮೊದಲು.

ನಾಯಕರು ಪಟಿಯಾಲೆಯ ಮಹಾರಾಜ ಭೂಪಿಂದರ ಸಿಂಗರು, ವಯಸ್ಸು 19. ಆ ವರ್ಷ ಲಂಡನ್ನಿನಲ್ಲಿ ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕ. ಮಹಾರಾಜರು ಕೆಲವೇ ಪಂದ್ಯಗಳನ್ನಾಡಿ ತಂಡವನ್ನು ಅದರ ಪಾಡಿಗೆ ಬಿಟ್ಟರು. ಒಳ್ಳೆಯ ದಾಂಡಿಗರಾದ ಮಿಸ್ತ್ರಿಯವರು ಅವರ ಸೇವೆಯಲ್ಲಿದ್ದುದರಿಂದ ಬಹುತೇಕ ಪಂದ್ಯಗಳಿಗೆ ಅವರೂ ಇಲ್ಲವಾದರು. ಹಣವನ್ನು ಆಶ್ರಯಿಸಿದ ಪ್ರವಾಸಕ್ಕೆ ಇದು ತಪ್ಪದ ತೊಡಕೆಂದು ನಮಗೆ ತೋರುವುದು.

ಹೊರೆ ಬಿದ್ದುದು ಪಾಲವಣಕರ ಬಾಳೂ ಅವರ ಎಡಗೈಯ ಮೇಲೆ. ಇವರು ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, ಅಸ್ಪೃಶ್ಯವೆಂದು ಹೊರಗಿಡಲಾಗಿದ್ದ ಚರ್ಮಕಾರ ಸಮಾಜದಲ್ಲಿ. ಪುಣೆಯ ಯುರೋಪಿಯನ್ನರ ಜಿಮಖಾನೆಯಲ್ಲಿ ತಿಂಗಳಿಗೆ 4 ರೂಪಾಯಿಗೆ ಅಂಗಳ ಹಸನು ಮಾಡಿ, ಬಲೆ ಕಟ್ಟಿ, ದೊರೆಗಳ ಅಭ್ಯಾಸಕ್ಕೆ ಚೆಂಡೆಸೆಯುತ್ತ ಕಲಿತವರು. ಮುಂದೆ ಪುಣೆಯ ಹಿಂದೂಗಳು ಗೆಲ್ಲುವ ಆಸೆಯಿಂದ ಇವರನ್ನು ಕರೆದುಕೊಂಡರು. ಆದರೆ ಚಹವನ್ನು ಮಾತ್ರ ಹೊರಗೇ, ಬೇರೆ ಮಣ್ಣಿನ ಕುಡಿಕೆಯಲ್ಲಿ ಕೊಟ್ಟರು! ಚೆಂಡಿಗಿಲ್ಲದ ಮೈಲಿಗೆ ಚಹಕ್ಕೆ ಹೇಗೆ ತಗುಲಿತೋ ನಾವರಿಯೆವು.

ತಂಡದಲ್ಲಿ ಇವರ ತಮ್ಮ ಶಿವರಾಮರೂ ಬೆಂಗಳೂರಿನ ಬಿ. ಜಯರಾಮರೂ ಇದ್ದರು. ಆಡಿದ 23 ಪಂದ್ಯಗಳಲ್ಲಿ 15 ಸೋತವು, 6 ಗೆದ್ದವು. ಗೆದ್ದವುಗಳಲ್ಲಿ ಲೀಸ್ಟರ್‌ಶೈರ್, ಸಾಮರ್ಸೆಟ್ ಪ್ರಾಂತಗಳ ಮೇಲಿನವೂ ಸೇರಿದ್ದವು. ಸೋಲಿನ ಈ ಪಟ್ಟಿಯ ನಡುವೆ ಮೂವತ್ತೈದು ದಾಟಿದ ಬಾಳೂ ಒಟ್ಟು 114 ವಿಕೆಟ್ಟುಗಳನ್ನು ಕೆಡವಿದರು; ಒಂದೊಂದಕ್ಕೆ ತೆತ್ತುದು ಸರಾಸರಿ 19 ಓಟಗಳಿಗೂ ಕಡಿಮೆ.

ಮರಳಿದಾಗ ಮುಂಬಯಿಯಲ್ಲಿ ಅವರ ಸಮಾಜದವರು ಸನ್ಮಾನಸಭೆ ನೆರಪಿದರು. ಅಂದು ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡಕರರಿಗೂ ಬಾಳೂ ಅಭಿಮಾನದ ವೀರರಾಗಿದ್ದರು. ಹಿಂದೂ ತಂಡದ ನಾಯಕತ್ವವು ಮಾತ್ರ ಬಾಳೂ ಅವರಿಗೆ ಕೊನೆಗೂ ಒದಗಲಿಲ್ಲ. 1923ರಲ್ಲಿ ಅದು ದೊರೆತುದು ಅವರ ಇನ್ನೊಬ್ಬ ತಮ್ಮ ವಿಠ್ಠಲರಿಗೆ.