ಹಾಯಿದೋಣಿಗೂ ರಿವರ್ಸ್ ಇದೆ

ಗಾಳಿ ಬೀಸಿದರೆ ಹಾಯಿದೋಣಿ ಮುಂದೆ ಹೋಗುತ್ತದೆ ಅಂತ ಪಾಠ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ "ಸಾರ್, ಅದಕ್ಕೆ ರಿವರ್ಸ್ ಇಲ್ವಾ?" ಎಂದು ಕೇಳಿದ ಅಂತಿಟ್ಟುಕೊಳ್ಳಿ. ತಮಾಷೆ ಅಂತ ಕೂರಿಸಿಬಿಡಬೇಡಿ. ಇದೆ. ಇಂಜಿನ್ ಇಲ್ಲದ, ಹುಟ್ಟೂ ಹಾಕದ ಪುಟ್ಟ ದೋಣಿಯನ್ನು ಬರೀ ಗಾಳಿಯ ಬಲದಿಂದ ಹಿಂದಕ್ಕೆ ನಡೆಸಬಹುದು. ಅಷ್ಟೇ ಅಲ್ಲ, ಕೆಲವು ಸಲ ದೋಣಿಯನ್ನೂ ಅದರಲ್ಲಿರುವವರನ್ನೂ ಉಳಿಸುವುದು ಆ ರಿವರ್ಸೇ.

ಉದಾಹರಣೆಗೆ ಲೇಸರ್ ಎಂಬ ದೋಣಿಯನ್ನು ತೆಗೆದುಕೊಳ್ಳೋಣ. ಕೆನಡಾದ ಬ್ರೂಸ್ ಕರ್ಬಿ ಸುಮಾರು 1970ರಲ್ಲಿ ವಿನ್ಯಾಸ ಮಾಡಿದ್ದು. ಉದ್ದ 4.2 ಮೀಟರ್, ಒಂದೇ ಹಾಯಿ, ಓಡಿಸುವವರೂ ಒಬ್ಬರೇ. ಚೆನ್ನೈಯ ನೇತ್ರಾ ಕುಮನನ್ ಟೋಕಿಯೋ ಒಲಿಂಪಿಕ್ಸಿಗೆ ಹೋದದ್ದು ಇದರದ್ದೇ ಸ್ವಲ್ಪ ಚಿಕ್ಕ ಹಾಯಿಯ ರೂಪದಲ್ಲಿ. ಮುಂಭಾಗದಲ್ಲಿ ಹಾಯಿಕಂಬ. ಹಾಯಿಯ ಕೆಳಂಚನ್ನು ಹಿಡಿದ ಅಡ್ಡಗಳೆ ಕಂಬದಿಂದ ಹಿಂದಕ್ಕೆ ಚಾಚಿಕೊಂಡು, ಬಾಗಿಲಿನ ಹಾಗೆ ಎರಡೂ ಕಡೆ ತಿರುಗುತ್ತದೆ. ದೋಣಿ ಅಡ್ಡಕ್ಕೆ ಜಾರದಂತೆ ನಡುವಲ್ಲಿ ನೀರಿಗಿಳಿಸಿದ ಒಂದು ಹಲಗೆ. ಹಿಂತುದಿಯಲ್ಲಿ ಚುಕ್ಕಾಣಿ, ಅದನ್ನು ತಿರುಗಿಸಲು ಒಳಕ್ಕೆ ಚಾಚಿದ ಹಿಡಿ. ಹಿಡಿ ಎಡಕ್ಕೆ ಹೋದರೆ ನೀರೊಳಗಿನ ಅಲಗು ಬಲಕ್ಕೆ ಹೋಗುತ್ತದೆ. ಇದೊಂದು ನೆನಪಿರಲಿ. (ನಮ್ಮ ಭಾಷೆಯಲ್ಲಿ 'ಬಲ' ಅಂದರೆ ಫೋರ್ಸೂ ಹೌದು, ರೈಟೂ ಹೌದು. ಗೊಂದಲ ಆಗದಿರಲಿ ಅಂತ ಇನ್ನು ಮುಂದೆ ದಿಕ್ಕಿಗೆ 'ಬಲಗಡೆ' ಎಂದೇ ಬರೆಯುತ್ತೇನೆ.)

ಹಾಯಿದೋಣಿ ಗಾಳಿಗೆ ನೇರ ಎದುರಾಗಿ ಹೋಗಲಾರದು. ಗಾಳಿ ಬರುವ ದಿಕ್ಕಿನ ಎರಡೂ ಪಕ್ಕ ಹೆಚ್ಚುಕಡಿಮೆ 45 ಡಿಗ್ರಿ ಅದಕ್ಕೆ ನಿಷಿದ್ಧ ಪ್ರದೇಶ. ಗಾಳಿಯ ಕಡೆಗೆ ಹೋಗಬೇಕಾದರೆ ಓರೆಯಾಗಿ ಹೋಗಿ, ತಿರುಗಿ, ಮತ್ತೆ ಓರೆಯಾಗಿ ಹೋಗಬೇಕು. ಈ ತಿರುವಿನ ಮಧ್ಯೆ ವೇಗ ಸಾಲದೆ ಹೋದರೆ ದೋಣಿಯ ಮೂತಿ ಗಾಳಿಗೆ ಸರಿಯಾಗಿ ಎದುರಾಗಿ ನಿಂತುಬಿಡುತ್ತದೆ. ಹಾಯಿ ಒಣಹಾಕಿದ ಪಂಚೆಯ ಹಾಗೆ ಪಟಪಟ ಹೊಡೆದುಕೊಳ್ಳುತ್ತದೆ, ಬಲ ಮಾತ್ರ ಸೊನ್ನೆ. ಇಂಗ್ಲಿಷ್ ನಾವಿಕರು ಇದನ್ನು 'ಇನ್ ಐರನ್ಸ್' ಅಂತಾರೆ, ಅಂದರೆ ಬೇಡಿ ಬಿದ್ದ ಸ್ಥಿತಿ.

ಬೇಡಿ ಬಿದ್ದ ದೋಣಿ ನಿಂತಲ್ಲೇ ನಿಲ್ಲುವುದಿಲ್ಲ. ಗಾಳಿ ಅದನ್ನು ಮೆಲ್ಲಗೆ ಹಿಂದಕ್ಕೆ ತಳ್ಳುತ್ತಾ ಇರುತ್ತದೆ. ಹಿಂದೆ ಬಂಡೆ ಇದ್ದರೆ ಬಂಡೆಗೇ. ಹೊಸಬರು ಇಲ್ಲಿ ಗಾಬರಿಯಾಗಿ, ದೋಣಿ ಮುಂದೆ ಹೋಗುವಾಗ ಹೇಗೋ ಹಾಗೆಯೇ ಚುಕ್ಕಾಣಿ ತಿರುಗಿಸುತ್ತಾರೆ, ಆ ಕಡೆ ಈ ಕಡೆ ಎಳೆದಾಡುತ್ತಾರೆ. ದೋಣಿ ಮಾತು ಕೇಳುವುದಿಲ್ಲ, ಅಥವಾ ಉಲ್ಟಾ ಕೇಳುತ್ತದೆ. ಯಾಕೆ?

ಚುಕ್ಕಾಣಿಗೆ ದೋಣಿಯ ಮುಂದು ಯಾವುದು, ಹಿಂದು ಯಾವುದು ಅಂತ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ನೀರು ಯಾವ ಕಡೆಯಿಂದ ಬಂದು ಬಡಿಯುತ್ತದೆ ಎಂಬುದಷ್ಟೇ. ಅಲಗು ಬಲಗಡೆಗೆ ವಾಲಿದೆ ಅಂದುಕೊಳ್ಳಿ. ದೋಣಿ ಮುಂದೆ ಹೋಗುವಾಗ ನೀರು ಮೂತಿಯ ಕಡೆಯಿಂದ ಬಂದು ಅಲಗಿನ ಬಲಗಡೆಯ ಮುಖಕ್ಕೆ ಬಡಿಯುತ್ತದೆ. ಹಿಂತುದಿ ಎಡಕ್ಕೆ ಸರಿಯುತ್ತದೆ, ಮೂತಿ ಬಲಗಡೆಗೆ ತಿರುಗುತ್ತದೆ. ದೋಣಿ ಹಿಂದೆ ಹೋಗುವಾಗ ನೀರು ಇನ್ನೊಂದು ಮುಖಕ್ಕೆ ಬಡಿಯುತ್ತದೆ. ಆಗ ಹಿಂತುದಿ ಬಲಗಡೆಗೆ ಹೋಗುತ್ತದೆ, ಮೂತಿ ಎಡಕ್ಕೆ. ಅಂದರೆ ರಿವರ್ಸ್‌ನಲ್ಲಿ ಅಲಗು ತೋರಿದ ಕಡೆಗೇ ಹಿಂತುದಿ. ಬೋರ್ಡಿನ ಮೇಲೆ ಎರಡು ಬಾಣ ಹಾಕಿ ತೋರಿಸಿದರೆ ಎಂಟನೆಯವರಿಗೂ ಅರ್ಥ ಆಗುತ್ತೆ.

ಈಗ ಬೇಡಿ ಬಿಡಿಸುವ ಕ್ರಮ ನೋಡಿ. ನೀವು ಬಲಗಡೆ ಕೂತಿದ್ದೀರಿ. ಅಡ್ಡಗಳೆಯನ್ನು ಕೈಯಿಂದ ನಿಮ್ಮಿಂದ ಆಚೆಗೆ, ಎಡಕ್ಕೆ, ಗಾಳಿಗೆ ವಿರುದ್ಧವಾಗಿ ತಳ್ಳಿ ಹಿಡಿಯಿರಿ. ಪಟಪಟ ಹೊಡೆದುಕೊಳ್ಳುತ್ತಿದ್ದ ಹಾಯಿ ಈಗ ಎದೆಗೊಟ್ಟು ನಿಲ್ಲುತ್ತದೆ, ದೋಣಿಯನ್ನು ಹಿಂದಕ್ಕೆ ನೂಕುತ್ತದೆ. ದೋಣಿ ಹಿಂದೆ ಚಲಿಸಲು ಶುರು ಮಾಡಿದ ಮೇಲೆ ಚುಕ್ಕಾಣಿಯ ಹಿಡಿಯನ್ನೂ ಆಚೆಗೇ ತಳ್ಳಿ. ಅಲಗು ಬಲಗಡೆಗೆ, ಹಿಂತುದಿ ಬಲಗಡೆಗೆ, ಮೂತಿ ಎಡಕ್ಕೆ. ಅಡ್ಡಗಳೆಯ ನೂಕುವಿಕೆಯೂ ಹಿಂತುದಿಯನ್ನು ಬಲಗಡೆಗೇ ಕಳಿಸುತ್ತದೆ, ಎರಡೂ ಒಂದೇ ಕೆಲಸಕ್ಕೆ. ಗಾಳಿ ನಿಮ್ಮ ಬೆನ್ನಿನ ಕಡೆಗೆ, ಪಕ್ಕದಿಂದ ಬರತೊಡಗಿದಾಗ ಎರಡನ್ನೂ ಒಳಗೆಳೆದುಕೊಳ್ಳಿ. ಹಾಯಿ ತುಂಬುತ್ತದೆ, ದೋಣಿ ಮುಂದೆ ಹೊರಡುತ್ತದೆ. ತರಬೇತಿಯಲ್ಲಿ ಇದನ್ನು 'ಪುಶ್ ಪುಶ್, ಪುಲ್ ಪುಲ್' ಅಂತ ಬಾಯಿಪಾಠ ಮಾಡಿಸುವುದುಂಟು. ಬಂಡೆಯ ಕಡೆಗೆ ಒಯ್ಯುತ್ತಿದ್ದ ಅದೇ ಹಿಂಚಲನೆ ಚುಕ್ಕಾಣಿಗೆ ಹಿಡಿತ ಕೊಟ್ಟಿತು, ಅಷ್ಟೇ.

ಎಷ್ಟು ನೂಕುತ್ತದೆ? ಒಂದು ಅಂದಾಜು ಲೆಕ್ಕ ಹಾಕೋಣ. ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 1.2 ಕಿಲೋಗ್ರಾಂ. ವೇಗ ಸೆಕೆಂಡಿಗೆ 5 ಮೀಟರ್, ಅಂದರೆ ಗಂಟೆಗೆ 18 ಕಿಲೋಮೀಟರ್. ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದರೆ ಚದರ ಮೀಟರಿಗೆ 15 ನ್ಯೂಟನ್. ಲೇಸರಿನ ಹಾಯಿ ಸುಮಾರು 7 ಚದರ ಮೀಟರ್. ಪೂರ್ತಿ ಅಡ್ಡ ಹಿಡಿದರೆ ನೂರು ನ್ಯೂಟನ್ ಆಸುಪಾಸು, ಹತ್ತು ಕಿಲೋ ಅಕ್ಕಿಮೂಟೆಯ ತೂಕ. ಗಾಳಿ ದುಪ್ಪಟ್ಟಾದರೆ ಬಲ ನಾಲ್ಕು ಪಟ್ಟು. ಆಗ ಗಳೆಯನ್ನು ಕೈಯಲ್ಲಿ ಹಿಡಿದು ನಿಲ್ಲಿಸುವುದು ಸುಲಭದ ಮಾತಲ್ಲ.

ನೇರವಾಗಿ ಹಿಂದೆ ಹೋಗುವುದು ಇನ್ನೂ ಕಷ್ಟ. ಸೋಲಾಪುರ, ಜತ್ತ ಕಡೆಯ ಮಿತ್ರರು 'ನಮ್ಮ ಮಕ್ಕಳು ಸಮುದ್ರ ಎಲ್ಲಿ ನೋಡ್ಯಾರ್ರಿ' ಅನ್ನಬಹುದು. ಸಮುದ್ರ ಬೇಡ, ಕಬ್ಬಿನ ಟ್ರ್ಯಾಕ್ಟರ್ ಸಾಕು. ಮುಂದೆ ಎಳೆಯುವಾಗ ಟ್ರೇಲರ್ ಪಾಪದ ಹಸುವಿನ ಹಾಗೆ ಹಿಂದೆ ಬರುತ್ತದೆ. ರಿವರ್ಸ್ ತೆಗೆದರೆ ಚೂರು ಓರೆಯಾದದ್ದು ಇನ್ನಷ್ಟು ಓರೆಯಾಗಿ ಮಡಚಿಕೊಳ್ಳುತ್ತದೆ. ಚುಕ್ಕಾಣಿಯದ್ದೂ ಅದೇ ಕಥೆ. ಮುಂದೆ ಹೋಗುವಾಗ ಅಲಗು ಕೀಲಿನ ಹಿಂದೆ ತಾನಾಗಿಯೇ ನೇರವಾಗಿ ನಿಲ್ಲುತ್ತದೆ. ಹಿಂದೆ ಹೋಗುವಾಗ ಅಲಗಿನ ಬಿಡಿ ಅಂಚೇ ಮುಂದಾಗುತ್ತದೆ, ನೀರು ಅದನ್ನು ಪಕ್ಕಕ್ಕೆ ಎಸೆಯಲು ನೋಡುತ್ತದೆ, ಹಿಡಿ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಅದಕ್ಕೇ ಗಟ್ಟಿಯಾಗಿ ಹಿಡಿದು ಬೆರಳಗಲ ಮಾತ್ರ ಅಲ್ಲಾಡಿಸಬೇಕು. ಮೂತಿ ಎಡಕ್ಕೆ ಜಾರಿದರೆ ಗಳೆಯನ್ನು ಬಲಗಡೆಗೆ ದಾಟಿಸಿ ತಳ್ಳಬೇಕು. ದೇಹದ ಭಾರ ಮುಂದೆ ಇರಬೇಕು. ಹಿಂದೆ ಕೂತರೆ ಚಪ್ಪಟೆ ಹಿಂತುದಿ ನೀರನ್ನು ಗುದ್ದುತ್ತದೆ, ಅಲೆ ಒಳಗೇ ಬರುತ್ತದೆ. ದೋಣಿ ನಿಂತಿದೆಯೋ ಹಿಂದೆ ಹೊರಟಿದೆಯೋ ತಿಳಿಯಲು ಪಕ್ಕದ ನೀರಿನ ಗುಳ್ಳೆ ನೋಡಿದರಾಯಿತು.

ಕಟ್ಟೆಯ ಕಡೆಯಿಂದ ಗಾಳಿ ಬೀಸುತ್ತಿದ್ದು, ತಿರುಗಲು ಜಾಗವಿಲ್ಲದಾಗ ಹೊರಬರುವ ದಾರಿಯೂ ಇದೇ. ಪಂದ್ಯಗಳಲ್ಲಿ ಆರಂಭದ ಗೆರೆ ದಾಟದೆ ಕಾಯಲಿಕ್ಕೂ ಬಳಸುತ್ತಾರೆ. ಆದರೆ ಹಾಯಿಯನ್ನು ಹಿಂದಕ್ಕೊತ್ತಿ ರಿವರ್ಸ್ ಬರುವವರು ಉಳಿದವರಿಗೆ ದಾರಿ ಬಿಡಬೇಕು ಎಂದು ನಿಯಮವೇ ಇದೆ. ಪೆಸಿಫಿಕ್ಕಿನ ಮಾರ್ಷಲ್ ದ್ವೀಪದವರು ಈ ತಲೆನೋವನ್ನೇ ಇಟ್ಟುಕೊಂಡಿಲ್ಲ. ಅವರ ಪಕ್ಕತೇಲುಗದ ದೋಣಿಗೆ ಎರಡು ತುದಿಯೂ ಮೂತಿಯೇ. ದಿಕ್ಕು ಬದಲಿಸಬೇಕಾದರೆ ಹಾಯಿಯ ಬುಡವನ್ನೇ ಈ ತುದಿಯಿಂದ ಆ ತುದಿಗೆ ಹೊತ್ತುಕೊಂಡು ಹೋಗುತ್ತಾರೆ. ಪಕ್ಕದ ತೇಲುಗ ಯಾವಾಗಲೂ ಗಾಳಿಯ ಕಡೆಗೇ ಇರುತ್ತದೆ. ನನ್ನ ಮಟ್ಟಿಗೆ ಲೇಸರಿಗಿಂತ ಇವರದ್ದೇ ಜಾಣತನ.

ತರಗತಿಗೆ ಒಂದಡಿ ಉದ್ದದ ಬಾಳೆದಿಂಡನ್ನು ಉದ್ದಕ್ಕೆ ಸೀಳಿ ತನ್ನಿ, ಸಿಗದ ಊರಲ್ಲಿ ಥರ್ಮೋಕೋಲ್. ಹಳೆಯ ಪ್ಲಾಸ್ಟಿಕ್ ಡಬ್ಬಿಯಿಂದ ಎರಡು ಪಟ್ಟಿ ಕತ್ತರಿಸಿ, ಒಂದನ್ನು ನಡುವಲ್ಲಿ ನೇರವಾಗಿ, ಇನ್ನೊಂದನ್ನು ಹಿಂತುದಿಯಲ್ಲಿ ಬಲಗಡೆಗೆ ಓರೆಯಾಗಿ ಚುಚ್ಚಿ. ಅಗಲದ ತೊಟ್ಟಿಯಲ್ಲಿ ಮುಂದಕ್ಕೆ ತಳ್ಳಿ ಬಿಡಿ, ಆಮೇಲೆ ಹಿಂದಕ್ಕೆ. ತಳ್ಳುವ ಮೊದಲು ಹಿಂತುದಿ ಯಾವ ಕಡೆ ಹೋಗುತ್ತದೆಂದು ಮಕ್ಕಳು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ. ಬಾಳೆದಿಂಡಿನ ಕಲೆ ಬಟ್ಟೆಯಿಂದ ಹೋಗುವುದಿಲ್ಲ, ಯೂನಿಫಾರ್ಮ್ ಜೋಪಾನ.