ಗುಳೆ ಹೋದವರ ‘ಆರು ತಿಂಗಳು’

ತಾತ್ಕಾಲಿಕ ಅವಧಿಯನ್ನು ಹೇಳಲು ಕನ್ನಡ ಮೊದಲು ನೆಚ್ಚುವುದು ವಿಭಕ್ತಿಯನ್ನು. ಕ್ರಿಯಾವಿಶೇಷಣದ ಸರದಿ ಆಮೇಲೆ. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಹರಪನಹಳ್ಳಿ ಕಡೆಯಿಂದ ಗುಳೆ ಹೊರಡುವವರ ಮಾತಿನಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ. ‘ಆರು ತಿಂಗಳು ಬೆಂಗಳೂರಿನಲ್ಲಿದ್ದರು’ ಎಂದರೆ ಅವಧಿ ಕಳೆದುಹೋಗಿದೆ. ‘ಆರು ತಿಂಗಳಿಂದ ಇದ್ದಾರೆ’ ಎಂದರೆ ಈಗಲೂ ಅಲ್ಲೇ. ‘ಆರು ತಿಂಗಳಲ್ಲಿ ಸಾಲ ತೀರಿಸಿದರು’ ಎಂಬಲ್ಲಿ ಕೆಲಸ ಮುಗಿದದ್ದೇ ಮುಖ್ಯ. ‘ಆರು ತಿಂಗಳ ಮಟ್ಟಿಗೆ ಹೋಗಿದ್ದಾರೆ’ ಎಂದಾಗ ಮನೆಗೆ ಬೀಗ ಬಿದ್ದಿದ್ದರೂ ಊರು ಬಿಟ್ಟಿಲ್ಲ ಎಂಬುದು ತಿಳಿಯುತ್ತದೆ. ಮರಳುವ ಎಣಿಕೆ ‘ಗುಳೆ’ ಎಂಬ ಮಾತಿನೊಳಗೇ ಇರುವುದರಿಂದ ‘ಕಾಯಂ ಆಗಿ ಗುಳೆ ಹೋದರು’ ಎಂಬುದು ಕಿವಿಗೆ ಒಗ್ಗುವುದಿಲ್ಲ.

ಇಂಗ್ಲಿಷಿನಲ್ಲಿ ಇದ್ದ ಅವಧಿಗೂ ಇರಲೆಂದು ಹೊರಟ ಅವಧಿಗೂ ‘ಫಾರ್’ ಒಂದೇ ಸಾಕು. ಕೆಲಸ ಮುಗಿಯಲು ಹಿಡಿದ ಕಾಲಕ್ಕೆ ‘ಇನ್’ ಬೇಕು. 1957ರಲ್ಲಿ ತತ್ತ್ವಶಾಸ್ತ್ರಜ್ಞ ಜೆನೋ ವೆಂಡ್ಲರ್ ಕ್ರಿಯಾಪದಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದಾಗ ಈ ವ್ಯತ್ಯಾಸವನ್ನೂ ಒರೆಗಲ್ಲಾಗಿ ಬಳಸಿದ.

ಅವಧಿಯ ಜೊತೆಗೆ ಕ್ರಿಯಾವಿಶೇಷಣ ಸೇರುವಾಗ ಅದರ ಜಾಗವೂ ಲೆಕ್ಕಕ್ಕೆ ಬರುತ್ತದೆ. ‘ಬರೀ’ ಮುಂದೆ ನಿಲ್ಲುತ್ತದೆ, ‘ಮಾತ್ರ’ ಹಿಂದೆ. ‘ಬರೀ ಆರು ತಿಂಗಳು’ ಎಂಬುದು ಅವಧಿ ಕಡಿಮೆಯೆನ್ನುತ್ತದೆ. ‘ಆರು ತಿಂಗಳು ಮಾತ್ರ’ ಎಂಬುದು ಗಡಿ ಹಾಕುತ್ತದೆ. ‘ಸುಮಾರು’ ಇವೆಲ್ಲಕ್ಕಿಂತ ವಿಚಿತ್ರ. ‘ಸುಮಾರು ಎರಡು ಗಂಟೆ’ ಎಂದರೆ ಅಂದಾಜು. ಅಂಕಿ ತೆಗೆದು ‘ಸುಮಾರು ಹೊತ್ತು ಕಾದರು’ ಎಂದರೆ ಅಂದಾಜು ಮಾಯವಾಗಿ ಬಹಳ ಹೊತ್ತು ಎಂದಾಗುತ್ತದೆ. ‘ಸುಮಾರು ಸ್ವಲ್ಪ ಹೊತ್ತು’ ಎಂದು ಯಾರೂ ಹೇಳುವುದಿಲ್ಲ: ಮೊದಲೇ ಅಳತೆಯಿಲ್ಲದ ‘ಸ್ವಲ್ಪ’ಕ್ಕೆ ಅಂದಾಜಿನ ಹಂಗಿಲ್ಲ. ‘ಪೂರ್ತಿ’ಯೂ ಹೀಗೆಯೇ, ಅದಕ್ಕೆ ತುದಿಯಿರುವ ಅವಧಿ ಬೇಕು. ‘ಪೂರ್ತಿ ಎರಡು ದಿನ’ ಸರಿ, ‘ಪೂರ್ತಿ ಸ್ವಲ್ಪ ಹೊತ್ತು’ ಸಲ್ಲದು.

ಇನ್ನೂ ಸೊಗಸಾದದ್ದು ಒತ್ತಿನ ‘ಏ’ಕಾರ. ‘ಎರಡು ದಿನಕ್ಕೆಂದು ಬಂದರು’ ಎಂಬಲ್ಲಿ ಚತುರ್ಥಿ ವಿಭಕ್ತಿ ಮುಂದಿನ ಅವಧಿಯನ್ನು ತೋರುತ್ತದೆ. ‘ಎರಡು ದಿನಕ್ಕೇ ಹೊರಟರು’ ಎಂದೊಡನೆ ಅದೇ ವಿಭಕ್ತಿ ಹಿಂದಕ್ಕೆ ತಿರುಗಿ, ಕಳೆದ ಎರಡೇ ದಿನವನ್ನು ಎಣಿಸುತ್ತದೆ. ‘ಎರಡು ದಿನಕ್ಕೊಮ್ಮೆ’ ಎಂದರೆ ಅವಧಿಯೇ ಆವರ್ತನೆಯಾಗುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಕ್ಕೆಂದೇ ಪ್ರಕರಣವಿದೆ, ಶಾಲಾ ವ್ಯಾಕರಣಗಳಲ್ಲೂ ಕಾಲವಾಚಕಗಳ ಪಟ್ಟಿ ಸಿಗುತ್ತದೆ. ಆದರೆ ಯಾವ ಪದ ಯಾವುದರ ಜೊತೆ ಕೂಡುತ್ತದೆ, ಯಾವುದನ್ನು ದೂರವಿಡುತ್ತದೆ ಎಂಬುದನ್ನು ಮಕ್ಕಳಿಗೆ ಹೇಳಿಕೊಡುವುದು ಪಟ್ಟಿ ಬಾಯಿಪಾಠ ಮಾಡಿಸುವುದಕ್ಕಿಂತ ಹೆಚ್ಚು ಉಪಯುಕ್ತ.

ಕಚೇರಿ ಕನ್ನಡದ ‘ತಾತ್ಕಾಲಿಕವಾಗಿ’ ಅವಧಿಯ ಗುಣವನ್ನಷ್ಟೇ ಹೇಳುತ್ತದೆ, ಉದ್ದವನ್ನಲ್ಲ. ಅದರ ಪಕ್ಕದಲ್ಲಿ ‘ಆರು ತಿಂಗಳ ಅವಧಿಗೆ’ ಎಂದು ಬರೆಯದಿದ್ದರೆ ತಾತ್ಕಾಲಿಕವು ವರ್ಷಗಟ್ಟಲೆ ಬೆಳೆಯಬಹುದು. ‘ಸದ್ಯಕ್ಕೆ’ ಇನ್ನಷ್ಟು ಸಡಿಲ: ‘ಸದ್ಯಕ್ಕೆ ಆರು ತಿಂಗಳ ಮಟ್ಟಿಗೆ’ ಎಂದವರು ಗಡಿಯನ್ನೂ ಹೇಳಿದ್ದಾರೆ, ಅದನ್ನು ಮುಂದೂಡುವ ಅವಕಾಶವನ್ನೂ ಇಟ್ಟುಕೊಂಡಿದ್ದಾರೆ.