ಒಂದು ಮನೆಗೆ ಎಷ್ಟು ಹೊಲಿಗೆ ಮಿಷನ್?

ಮನೆಯಲ್ಲೇ ಬಟ್ಟೆ ಹೊಲಿಯುವವರ ಕೋಣೆಯಲ್ಲಿ ಎರಡು ಮೂರು ಮಿಷನ್ ಕಂಡರೆ, ‘ಒಬ್ಬರಿಗೆ ಇಷ್ಟೊಂದು ಯಾಕೆ?’ ಎಂದು ಕೇಳದವರು ಕಡಿಮೆ. ಇದನ್ನು ಕೊಳ್ಳುವ ಚಪಲವೆಂದು ತಳ್ಳಿಹಾಕುವುದು ತಪ್ಪು ಎಂದೇ ನನ್ನ ವಾದ. ಕಾರಣ ಹೊಲಿಗೆಯೊಳಗೇ ಇದೆ. ಸಾಮಾನ್ಯ ಮಿಷನ್‌ನಲ್ಲಿ ಸೂಜಿ ಮೇಲಿನ ದಾರವನ್ನು ಬಟ್ಟೆಯ ಕೆಳಗೆ ಇಳಿಸುತ್ತದೆ. ಅಲ್ಲಿ ಕೊಕ್ಕೆಯೊಂದು ಅದನ್ನು ಹಿಡಿದು ಬಾಬಿನ್ ದಾರದ ಸುತ್ತ ಹಾಯಿಸುತ್ತದೆ. ಎರಡೂ ದಾರ ಬಟ್ಟೆಯ ನಡುವೆ ಗಟ್ಟಿಯಾಗಿ ಹೆಣೆದುಕೊಳ್ಳುತ್ತವೆ. 1846ರಲ್ಲಿ ಅಮೆರಿಕದ ಇಲಯಸ್ ಹೋವ್ ಪೇಟೆಂಟ್ ಪಡೆದದ್ದು ಇಂಥ ಹೊಲಿಗೆಗೇ. ಹತ್ತಿಯ ರವಿಕೆಗೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಟಿ-ಶರ್ಟ್, ಲೆಗ್ಗಿಂಗ್ಸ್‌ನಂಥ ಹಿಗ್ಗುವ ಬಟ್ಟೆಗೆ ಇದೇ ನೇರ ಹೊಲಿಗೆ ಹಾಕಿದರೆ, ಎಳೆದಾಗ ಬಟ್ಟೆ ಹಿಗ್ಗುತ್ತದೆ, ದಾರ ಪಟ್ಟನೆ ಕಡಿಯುತ್ತದೆ. ಓವರ್‌ಲಾಕ್ ಮಿಷನ್‌ನ ಒಳಗಟ್ಟೇ ಬೇರೆ. ಅಲ್ಲಿ ಬಾಬಿನ್ನೇ ಇಲ್ಲ. ಅಲಗೊಂದು ಬಟ್ಟೆಯ ಅಂಚನ್ನು ಸವರುತ್ತ ಹೋಗುತ್ತದೆ, ಅದರ ಹಿಂದೆಯೇ ಮೂರೋ ನಾಲ್ಕೋ ದಾರಗಳು ಕುಣಿಕೆ ಕುಣಿಕೆಯಾಗಿ ಆ ಅಂಚನ್ನು ಸುತ್ತಿಕೊಳ್ಳುತ್ತವೆ. ಕುಣಿಕೆಗಳಲ್ಲಿ ಸಡಿಲವಿರುವುದರಿಂದ ಹೊಲಿಗೆ ಬಟ್ಟೆಯ ಜೊತೆಗೇ ಹಿಗ್ಗುತ್ತದೆ.

ನೂರಾರು ಬಗೆಯ ಹೊಲಿಗೆ ಹಾಕುವ ಕಂಪ್ಯೂಟರ್ ಮಿಷನ್ ಒಂದಿದ್ದರೆ ಸಾಲದೇ ಎಂಬ ಪ್ರಶ್ನೆ ಸಹಜ. ಆ ನೂರಾರು ವಿನ್ಯಾಸಗಳೆಲ್ಲ ಸೂಜಿ ಎಡಬಲಕ್ಕೆ ತೂಗಿ, ಬಟ್ಟೆ ಹಿಂದುಮುಂದು ಸರಿದು ಮೂಡುವಂಥವು. ಅಡಿಯಲ್ಲಿರುವುದು ಅದೇ ಬಾಬಿನ್ ಹೊಲಿಗೆ. ಅಂಚು ಕತ್ತರಿಸುವ ಫುಟ್ ಜೋಡಿಸಿದರೂ ಅದು ಓವರ್‌ಲಾಕ್ ಆಗುವುದಿಲ್ಲ. ಸೂಜಿ ಎಡಬಲಕ್ಕೆ ಆಡಬೇಕೆಂದರೆ ತಟ್ಟೆಯ ರಂಧ್ರ ಅಗಲವಾಗಿರಬೇಕು. ಆ ಅಗಲದ ರಂಧ್ರದೊಳಕ್ಕೇ ಶಿಫಾನ್, ತೆಳು ರೇಷ್ಮೆ ಸೂಜಿಯೊಡನೆ ಇಳಿದು ಸಿಕ್ಕಿಕೊಳ್ಳುತ್ತದೆ. ಒಂದು ಕೆಲಸಕ್ಕೆ ಕೂಡಿಸಿದ ಅನುಕೂಲ ಇನ್ನೊಂದಕ್ಕೆ ತೊಡಕು. ತಟ್ಟೆ, ಸೂಜಿ, ದಾರ ಬದಲಿಸಿಕೊಳ್ಳಬಹುದು, ನಿಜ. ಆದರೆ ಒಂದೇ ಉಡುಪಿನಲ್ಲಿ ಇದನ್ನು ನಾಲ್ಕೈದು ಸಲ ಮಾಡಿ, ಪ್ರತಿ ಸಲವೂ ಚಿಂದಿಯ ಮೇಲೆ ಬಿಗಿತ ಪರೀಕ್ಷಿಸಬೇಕಾದವರಿಗೆ ಆ ಹೊತ್ತಿನ ಬೆಲೆ ಗೊತ್ತು. ಕಸೂತಿ ಮಿಷನ್‌ನ ಕಷ್ಟ ಇನ್ನೊಂದು ಬಗೆಯದು: ದೊಡ್ಡ ವಿನ್ಯಾಸ ಹಾಕುತ್ತಿರುವಾಗ ಗಂಟೆಗಟ್ಟಲೆ ಬೇರೆ ಯಾವ ಕೆಲಸಕ್ಕೂ ಅದು ಸಿಗುವುದಿಲ್ಲ.

ಇದಕ್ಕಿಂತ ಬಲವಾದ ಆಕ್ಷೇಪ ಹಿರಿಯರದು: ಒಂದೇ ಕಾಲುಮಿಷನ್‌ನಲ್ಲಿ ಇಡೀ ಸಂಸಾರದ ಬಟ್ಟೆ ಹೊಲಿದವರಿಲ್ಲವೇ? ಇದ್ದರು. ಆದರೆ ಅವರು ಹೊಲಿದದ್ದು ಹೆಚ್ಚಾಗಿ ಹಿಗ್ಗದ, ನೇಯ್ದ ಬಟ್ಟೆ. ಅಂಚನ್ನು ಒಳಕ್ಕೆ ಮಡಚಿ ಹೊಲಿದರು, ಹೆಮ್ಮಿಂಗನ್ನೂ ಕಾಜಾವನ್ನೂ ಕೈಯಲ್ಲೇ ಮಾಡಿದರು. ಈಗಲೂ ಎಷ್ಟೋ ಮನೆಗಳಲ್ಲಿ ಸೀರೆಯ ಫಾಲ್ಸ್, ಜಿಗ್‌ಜಾಗ್ ಕೆಲಸ ಬೀದಿಯ ಅಂಗಡಿಗೆ ಹೋಗುತ್ತದೆ. ಅಂದರೆ ಬೇರೆ ಮಿಷನ್‌ಗಳು ಬೇಕಾಗದೆ ಇರಲಿಲ್ಲ. ಬೀದಿಯಲ್ಲಿದ್ದವು, ಇಲ್ಲವೇ ಅವುಗಳ ಕೆಲಸವನ್ನು ಕೈಬೆರಳು ಮಾಡುತ್ತಿದ್ದವು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳನ್ನು ನೋಡಿ. ನಿಮಿಷದ ಲೆಕ್ಕ ಹಾಕುವ ಆ ಜಾಗದಲ್ಲಿ ಯಾರೂ ಒಂದೇ ಮಿಷನ್‌ನಲ್ಲಿ ಇಡೀ ಅಂಗಿ ಹೊಲಿಯುವುದಿಲ್ಲ. ಕಾಲರ್ ಒಬ್ಬರ ಬಳಿ, ತೋಳು ಇನ್ನೊಬ್ಬರ ಬಳಿ; ಕಾಜಾಕ್ಕೆ, ಗುಂಡಿಗೆ ಅದಕ್ಕೆಂದೇ ಇರುವ ಮಿಷನ್. ಅಲ್ಲಿ ಅಂಗಿ ಮಿಷನ್‌ನಿಂದ ಮಿಷನ್‌ಗೆ ಸಾಗುತ್ತದೆ. ಮನೆಯಲ್ಲಿ ಹೊಲಿಯುವಾಕೆಗೆ ಆ ಸಾಲಿನ ಕೆಲಸವೆಲ್ಲ ಒಬ್ಬಳ ಪಾಲಿಗೆ ಬಂದಿರುತ್ತದೆ. ಅವಳು ಒಂದು ಸ್ಟೂಲಿನಿಂದೆದ್ದು ಇನ್ನೊಂದರ ಮೇಲೆ ಕೂರುವುದನ್ನು ಆಡಂಬರವೆನ್ನಲು ನನಗೆ ಮನಸ್ಸಾಗದು.

ಹಳೆಯದನ್ನು ಮಾರಿ ಹೊಸದನ್ನು ತರಬಹುದಲ್ಲ ಎನ್ನುತ್ತಾರೆ. ಬೀಡುಕಬ್ಬಿಣದ ಆ ಕರಿಯ ಮಿಷನ್ ಮಾರಿದರೆ ಬರುವ ದುಡ್ಡು ಕಡಿಮೆ, ಕೊಡುವ ಕೆಲಸ ಬಹಳ. ನಾಲ್ಕು ಹನಿ ಎಣ್ಣೆ ಬಿಟ್ಟರೆ, ಬೆಲ್ಟ್ ಬಿಗಿಯಾಗಿದ್ದರೆ, ಕರೆಂಟ್ ಹೋದಾಗಲೂ ನೆಟ್ಟಗೆ ಹೊಲಿಯುತ್ತದೆ. ಹಾಗಂತ ಕೊಂಡದ್ದೆಲ್ಲವೂ ಸರಿ ಎನ್ನಲಾರೆ. ಅಳತೆ, ಕತ್ತರಿಕೆ ಕೈಗೆ ಹತ್ತುವ ಮೊದಲೇ ಕಸೂತಿ ಮಿಷನ್ ತಂದು ಹೊದಿಕೆ ಹಾಕಿಡುವವರಿದ್ದಾರೆ. ಅದು ದುಡ್ಡಿಗೂ ದಂಡ, ಜಾಗಕ್ಕೂ ದಂಡ. ವರ್ಷಕ್ಕೆ ಹತ್ತು ರವಿಕೆ ಹೊಲಿಯುವವರಿಗೆ ನೇರ ಹೊಲಿಗೆಯ ಒಂದೇ ಮಿಷನ್ ಸಾಕು, ಓವರ್‌ಲಾಕಿಗೆ ಅಂಗಡಿಯಿದೆ. ಅದೇ ಅಂಗಡಿಗೆ ವಾರ ವಾರವೂ ಚೀಲ ಹೊತ್ತು ಹೋಗಿ, ‘ನಾಳೆ ಬನ್ನಿ’ ಎನ್ನಿಸಿಕೊಂಡು ಬರುವಂತಾದಾಗ ಎರಡನೆಯ ಮಿಷನ್‌ನ ಲೆಕ್ಕ ಹಾಕಬಹುದು.